ಪದಚರ್ಚೆ: ‘ಕ್ವಾಡ್ರಾಫೋನಿಕ್’ ಮತ್ತು ಅದರ ಜೊತೆಗಾರ ಪದಗಳು

ಎಲ್ಲರಿಗೂ ನಮಸ್ಕಾರ.

ಹಳೇ ಸ್ಟೀರಿಯೋ ರಿಸೀವರ್‌ಗೆ ಇನ್ನೆರಡು ಸ್ಪೀಕರ್ ಸೇರಿಸಿ ನಾಲ್ಕು ಮೂಲೆಯಿಂದಲೂ ಹಾಡು ಕೇಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಹಳೇ ಸೆಟ್ ಕೊಂಡು ರಿಪೇರಿ ಮಾಡಿಕೊಳ್ಳುವ ಹುಡುಗರಿದ್ದಾರೆ, ಅವರಿಗಾಗಿ. ಕೆಲಸ ಅಷ್ಟೇನೂ ಕಷ್ಟವಿಲ್ಲ. ಪದಗಳೇ ಕೈಕೊಡುತ್ತಿವೆ.

ಮೊದಲು ‘ಕ್ವಾಡ್ರಾಫೋನಿಕ್’, ಅಂದ್ರೆ ನಾಲ್ಕು ಸ್ಪೀಕರ್‌ಗೆ ನಾಲ್ಕು ಬೇರೆ ಚಾನೆಲ್ (ಧ್ವನಿಯ ದಾರಿ) ಇರುವ ಪದ್ಧತಿ. ನಾಲ್ದೆಸೆ, ನಾಲ್ಮಡಿ ಇರುವಾಗ ‘ನಾಲ್ದನಿ’ ಕಿವಿಗೆ ಹಿತವೇ. ಆದರೆ ದನಿ ಅಂದ್ರೆ ನಮಗೆ ಗಂಟಲು ನೆನಪಾಗುತ್ತದೆ. ನಾಲ್ಕು ಜನ ಹಾಡುತ್ತಿದ್ದಾರೆ ಅಂದುಕೊಂಡಾರು. ಮೂಲ ಪದವೂ ಬೆರಕೆಯದೇ: ಮೊದಲ ಅರ್ಧ ಲ್ಯಾಟಿನ್, ಕೊನೆಯ ಅರ್ಧ ಗ್ರೀಕ್. 1970ರ ದಶಕದಲ್ಲಿ ಕ್ವಾಡ್ರಿಫೋನಿಕ್, ಕ್ವಾಡ್ರಾಸೋನಿಕ್ ಅಂತ ಒಬ್ಬೊಬ್ಬರು ಒಂದೊಂದು ಬರೆದರು. ಮರಾಂಟ್ಜ್ ಕಂಪನಿ ‘ಕ್ವಾಡ್ರೇಡಿಯಲ್’ ಅಂತ ತನ್ನದೇ ಹೆಸರು ಹುಟ್ಟಿಸಿ, ಎರಡೇ ಚಾನೆಲ್‌ನ ಕೆಲವು ರಿಸೀವರ್‌ಗಳ ಬೆನ್ನಿಗೂ ಆ ಹೆಸರಿನ ಜಾಕ್ ಕೊಟ್ಟಿತು. ಅವರಲ್ಲೇ ಒಮ್ಮತವಿಲ್ಲದ ಪದಕ್ಕೆ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ ಅನ್ನಿಸಿ ‘ನಾಲ್ಕು ಚಾನೆಲ್’ ಅಂತಲೇ ಇಟ್ಟಿದ್ದೇನೆ. (ಹಾಗೆಯೇ, ಸ್ಟೀರಿಯೋಗೆ ‘ಇಬ್ದನಿ’ ಅಂತ ಯಾರೂ ಸೂಚಿಸಬೇಡಿ. ಗ್ರೀಕ್‌ನಲ್ಲಿ ಸ್ಟೀರಿಯೋ ಅಂದ್ರೆ ಗಟ್ಟಿ, ಘನ. ಎರಡಕ್ಕೂ ಅದಕ್ಕೂ ಸಂಬಂಧವಿಲ್ಲ.)

ನನಗೆ ನಿಮ್ಮ ಸಹಾಯ ಬೇಕಿರುವುದು ಮುಂದಿನದಕ್ಕೆ. ‘ಕ್ವಾಡ್ರಾಫೋನಿಕ್’ ಅನ್ನುವ ಈ ಒಂದು ಹೆಸರಿನಡಿ ಮೂರು ಬೇರೆ ಬೇರೆ ಪದ್ಧತಿಗಳನ್ನು ತುಂಬಿದ್ದಾರೆ. ಓದುವವನಿಗೆ ಅದು ಗೊತ್ತಾಗದಿದ್ದರೆ ಸುಮ್ನೆ ದುಡ್ಡು ದಂಡ.

ಒಂದರಲ್ಲಿ ನಾಲ್ಕೂ ಚಾನೆಲ್ ಕೊನೆತನಕ ಬೇರೆಯಾಗಿಯೇ ಬರುತ್ತವೆ. ನಾಲ್ಕು ಟ್ರ್ಯಾಕ್‌ನ ಟೇಪು, ಜೆವಿಸಿಯ ಸಿಡಿ-4 ರೆಕಾರ್ಡು ಈ ಜಾತಿ. (ಈ ಸಿಡಿ ನಮ್ಮ ಕಾಂಪ್ಯಾಕ್ಟ್ ಡಿಸ್ಕ್ ಅಲ್ಲ, 1970ರ ದಶಕದ ಎಲ್‌ಪಿ.) ಈ ರೆಕಾರ್ಡಿನಲ್ಲಿ ಹೆಚ್ಚುವರಿ ಚಾನೆಲ್‌ಗಳ ಮಾಹಿತಿಯನ್ನು 30 ಕಿಲೋಹರ್ಟ್ಸ್ ಅಲೆಯ ಮೇಲೆ ಹೊರಿಸಿರುತ್ತಾರೆ. ಅದನ್ನು ಓದಲು ಶಿಬಾಟಾದಂಥ ವಿಶೇಷ ಸೂಜಿ ಬೇಕು, ಆ ಅಲೆಯಿಂದ ಮಾಹಿತಿ ಬಿಡಿಸುವ ಡಿಮಾಡ್ಯುಲೇಟರ್ ಬೇರೆ ಬೇಕು. ಇನ್ನೊಂದರಲ್ಲಿ ನಾಲ್ಕನ್ನು ಎರಡರೊಳಗೆ ಬೆರೆಸಿ ರೆಕಾರ್ಡ್ ಮಾಡಿ, ಮನೆಯಲ್ಲಿ ಡಿಕೋಡರ್ ಇಟ್ಟು ಮತ್ತೆ ನಾಲ್ಕು ಮಾಡುತ್ತಾರೆ. ಸಿಬಿಎಸ್‌ನ ಎಸ್‌ಕ್ಯೂ, ಸನ್ಸುಯಿಯ ಕ್ಯೂಎಸ್ ಇಂಥವು. ಆ ಡಿಕೋಡರನ್ನು ರಿಸೀವರ್‌ನ ಟೇಪ್ ಮಾನಿಟರ್ ಜಾಕ್‌ಗಳ (ಟೇಪ್ ರೆಕಾರ್ಡರ್‌ಗೆ ಹೋಗಿಬರುವವು) ನಡುವೆ ಸೇರಿಸಬಹುದು. ಹಿಂದಿನ ಸ್ಪೀಕರ್ ಜೋಡಿಗೆ ಇನ್ನೊಂದು ಆಂಪ್ (ಆಂಪ್ಲಿಫೈಯರ್) ಬೇಕು.

ಇವೆರಡಕ್ಕೆ ‘ಬಿಡಿ’ ಮತ್ತು ‘ಹೆಣೆದ’ ಅಂತ ಯೋಚಿಸಿದ್ದೇನೆ. ಕೆ.ಆರ್. ಮಾರ್ಕೆಟ್‌ನಲ್ಲಿ ಬಿಡಿ ಹೂವು, ಹೆಣೆದ ಹೂವು ಅನ್ನುವುದಿಲ್ಲವೇ, ಹಾಗೆ. ಎನ್‌ಕೋಡ್‌ಗೆ ‘ಹೆಣೆ’, ಡಿಕೋಡ್‌ಗೆ ‘ಬಿಡಿಸು’ ತಾನಾಗಿಯೇ ಸಿಗುತ್ತದೆ. ಹೆಣೆದದ್ದನ್ನು ಬಿಡಿಸಿದರೂ ಪೂರ್ತಿ ಮೊದಲಿನಂತೆ ಆಗುವುದಿಲ್ಲ ಅನ್ನುವುದೂ ಅದರಲ್ಲೇ ಇದೆ. ಸಾದಾ ಎಸ್‌ಕ್ಯೂ ಡಿಕೋಡರ್‌ನಲ್ಲಿ ಎಡ ಮುಂದಿಗೂ ಎಡ ಹಿಂದಿಗೂ ನಡುವೆ 3 ಡೆಸಿಬೆಲ್ ಅಷ್ಟೇ ಅಂತರ, ಅಂದ್ರೆ ಒಂದರ ಸದ್ದು ಇನ್ನೊಂದರಲ್ಲೂ ಚೆನ್ನಾಗಿಯೇ ಕೇಳಿಸುತ್ತದೆ.

ಮೂರನೆಯದು ಡೈನಾಕೊ ಅನ್ನುವ ಆಡಿಯೋ ಕಂಪನಿಯ ಡೇವಿಡ್ ಹಾಫ್ಲರ್ ಜನಪ್ರಿಯ ಮಾಡಿದ ಉಪಾಯ. ಡಿಕೋಡರ್ ಬೇಡ, ಇನ್ನೊಂದು ಆಂಪ್ ಬೇಡ. ಮುಂದಿನ ಸ್ಪೀಕರ್‌ಗಳು ಇದ್ದ ಹಾಗೇ ಇರಲಿ. ಹಿಂದಿನ ಎರಡು 8 ಓಮ್ ಸ್ಪೀಕರ್‌ಗಳನ್ನು ಒಂದರ ಹಿಂದೆ ಒಂದು (ಸೀರೀಸ್‌ನಲ್ಲಿ) ವೈರ್ ಜೋಡಿಸಿ, ಎರಡು ತುದಿಗಳನ್ನು ರಿಸೀವರ್‌ನ ಎಡ ಪ್ಲಸ್‌ಗೂ ಬಲ ಪ್ಲಸ್‌ಗೂ ಕೊಡುವುದು. ಮೈನಸ್ ಮುಟ್ಟುವಂತಿಲ್ಲ. ಎರಡೂ ಕಡೆ ಒಂದೇ ಥರ ಇರುವ ಗಾಯಕನ ದನಿ ಹಿಂದೆ ಹೊಡೆದುಹೋಗುತ್ತದೆ. ಸಭಾಂಗಣದ ಮಾರ್ದನಿ, ಚಪ್ಪಾಳೆ ಉಳಿಯುತ್ತವೆ. ಮೋನೋ ಬಟನ್ ಒತ್ತಿದರೆ ಹಿಂದಿನವು ಹೆಚ್ಚುಕಡಿಮೆ ಬಾಯಿ ಮುಚ್ಚಬೇಕು. ಮುಚ್ಚಿದರೆ ವೈರಿಂಗ್ ಸರಿಯಿದೆ ಅಂತ ಅರ್ಥ. ಎಡದಲ್ಲಿ ಬಲ ಕಳೆದು ಮಿಕ್ಕಿದ್ದು ಇದು, ಅದಕ್ಕೇ ‘ಉಳಿಕೆ’ ಅಂತ ಬರೆದಿದ್ದೇನೆ. ಒಬ್ಬರು ಇದನ್ನು ಓದಿ ಬ್ಯಾಂಕಿನ ವಿಷಯವಾ ಅಂದರು. ‘ಹೆಕ್ಕಿದ’ ಅನ್ನಬಹುದಾ?

‘ಫೇಸ್’ಗೆ ‘ಹಂತ’ ನನಗೆ ಒಪ್ಪಿಗೆಯಿಲ್ಲ. ಬನಶಂಕರಿಯ ಸ್ಟೇಜೂ ಹಂತ, ಜೆ.ಪಿ. ನಗರದ ಫೇಸೂ ಹಂತ. ಇನ್ನು ಸ್ಪೀಕರ್‌ನ ಕೋನ್ ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಹೋಗುವುದನ್ನೂ ಹಂತ ಅಂದರೆ ಯಾರಿಗೆ ತಿಳಿಯುತ್ತದೆ? ಸದ್ಯಕ್ಕೆ ಹೀಗೆ ಉಲ್ಟಾ ಹೋಗುವುದಕ್ಕೆ ‘ಎದುರುಮುಖ’ ಹಾಕಿದ್ದೇನೆ.

ಅವಸರ ಇರುವುದು ‘ಕಾಮನ್ ಗ್ರೌಂಡ್’ಗೆ. ಹಾಫ್ಲರ್ ಜೋಡಣೆಗೆ ರಿಸೀವರ್‌ನ ಎರಡೂ ಮೈನಸ್ ಒಳಗೆ ಒಂದೇ ಆಗಿರಬೇಕು. ಸೆಟ್ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ, ಮಲ್ಟಿಮೀಟರ್ ಹಿಡಿದು ನೋಡಬೇಕು. ಬ್ರಿಡ್ಜ್ ಮಾಡಿದ (ಅಂದ್ರೆ ಮೈನಸ್‌ನಲ್ಲೂ ಸಿಗ್ನಲ್ ಇರುವ) ಆಂಪ್‌ಗೆ ಹೀಗೆ ಕೊಟ್ಟರೆ ಸುಟ್ಟೀತು. ಇಲ್ಲಿ ‘ಅರ್ತ್’ ಅಂತ ಬರೆಯಲು ನನಗೆ ಭಯ. ನಮ್ಮಲ್ಲಿ ಅರ್ತ್ ಅಂದ್ರೆ ಗೋಡೆಯ ಮೂರನೇ ಪಿನ್, ಅಲ್ವಾ? ಯಾರಾದರೂ ವೈರ್ ಅಲ್ಲಿಗೇ ಎಳೆದರೆ ಕಷ್ಟ. ‘ಕೂಡು ಮೈನಸ್’ ಅಂತ ಒಂದು ಹೊಳೆದಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ಹುಬ್ಬಳ್ಳಿ, ಮಂಗಳೂರು ಕಡೆಯಾಗಲಿ ರೇಡಿಯೋ ರಿಪೇರಿಯವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ. ನಿಘಂಟಿನ ಪದಕ್ಕಿಂತ ಅದೇ ಬೇಕು.