ಬರೀ ಸಿರಿಂಜ್ ಕೇಳಿಕೊಂಡು ಬರುವ ಹುಡುಗನಿಗೆ ಕೊಡಬಹುದೇ?

ಔಷಧಿ ಅಂಗಡಿಯವರು, ಮಂಗಳೂರು:
ಒಬ್ಬ ಹುಡುಗ ಆಗಾಗ ಬಂದು ಇನ್ಸುಲಿನ್ ಸಿರಿಂಜ್ ಕೇಳುತ್ತಾನೆ. ಇನ್ಸುಲಿನ್ ಮಾತ್ರ ಒಮ್ಮೆಯೂ ಕೊಂಡಿಲ್ಲ. ಸುಡು ಸೆಕೆಯಲ್ಲೂ ತುಂಬುತೋಳಿನ ಅಂಗಿ. ಚಿಲ್ಲರೆಗೆ ಕೈ ಚಾಚಿದಾಗ ನರದುದ್ದಕ್ಕೂ ಕಪ್ಪು ಚುಕ್ಕೆಗಳು ಕಂಡವು. ‘ಸ್ಟಾಕ್ ಇಲ್ಲ’ ಎಂದುಬಿಡಿ ಎನ್ನುತ್ತಾರೆ ಕೆಲಸದವರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಗೃಹಿಣಿ, ಪುತ್ತೂರು:
ಕೊಡಬೇಡಿ ಸರ್. ನನಗೂ ಕಾಲೇಜಿಗೆ ಹೋಗುವ ಮಗನಿದ್ದಾನೆ. ಸೂಜಿ ಸುಲಭವಾಗಿ ಸಿಕ್ಕರೆ ಚಟ ಬೆಳೆಯುವುದಿಲ್ಲವೇ?

ಆಪ್ತಸಮಾಲೋಚಕಿ, ಹಿಂದೆ ಇಂಫಾಲದಲ್ಲಿದ್ದವರು:
ಕೊಡಿ ಸರ್, ದಯವಿಟ್ಟು ಕೊಡಿ. ನೀವು ಇಲ್ಲ ಎಂದರೆ ಅವನು ಚುಚ್ಚಿಕೊಳ್ಳುವುದನ್ನು ಬಿಡುವುದಿಲ್ಲ, ಗೆಳೆಯನ ಸಿರಿಂಜ್ ಕೇಳುತ್ತಾನೆ. ಮಣಿಪುರದಲ್ಲಿ ಆದದ್ದು ಅದೇ. ಮ್ಯಾನ್ಮಾರ್ ಗಡಿಯಿಂದ ಹೆರಾಯಿನ್ ಧಾರಾಳವಾಗಿ ಬರುತ್ತಿತ್ತು, ಒಂದೇ ಸೂಜಿ ಹಲವರ ತೋಳು ಹೊಕ್ಕುತ್ತಿತ್ತು. 1989ರ ಸೆಪ್ಟೆಂಬರ್‌ನಲ್ಲಿ ಪರೀಕ್ಷಿಸಿದ ಅಂಥವರಲ್ಲಿ ಒಬ್ಬರಿಗೂ ಎಚ್‌ಐವಿ ಇರಲಿಲ್ಲ. ಆರೇ ತಿಂಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಗುಲಿತ್ತು.

ನರ ಸಿಕ್ಕಿತೇ ಎಂದು ನೋಡಲು ಪಿಸ್ಟನ್ ಹಿಂದಕ್ಕೆ ಎಳೆಯುತ್ತಾರೆ, ರಕ್ತ ಒಳಗೆ ಬರುತ್ತದೆ. ಔಷಧಿ ಖಾಲಿಯಾದರೂ ಸೂಜಿಯ ಬುಡದಲ್ಲಿ ಒಂದಿಷ್ಟು ರಕ್ತ ಉಳಿಯುತ್ತದೆ. ನೀರಿನಲ್ಲಿ ತೊಳೆದರೆ ಅದು ಪೂರ್ತಿ ಹೋಗುವುದಿಲ್ಲ. ಒಳಗಿನ ವೈರಸ್ ವಾರಗಟ್ಟಲೆ ಬದುಕಬಲ್ಲದು. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ಸೋಂಕು ಹರಡುವ ದಾರಿಯೂ ಇದೇ.

ಪುತ್ತೂರಿನ ಅಕ್ಕ, ನಿಮ್ಮ ಹೊಟ್ಟೆಯ ಸಂಕಟ ನನಗೆ ಗೊತ್ತು. ಆದರೆ ಚಟ ಹುಟ್ಟುವುದು ಸೂಜಿಯಿಂದಲ್ಲ. ಸಿರಿಂಜ್ ಕೊಡುವ ಕಡೆ ಮಾದಕವಸ್ತು ಬಳಕೆ ಹೆಚ್ಚಿದ್ದನ್ನು ಅಧ್ಯಯನಗಳು ಕಂಡಿಲ್ಲ. ಅಲ್ಲಿಗೆ ಬರುವವರೇ ಮುಂದೆ ಚಿಕಿತ್ಸೆಗೂ ಹೋಗುತ್ತಾರೆ. ಹೆರಾಯಿನ್‌ಗೆ ಬದಲಾಗಿ ವೈದ್ಯರು ಕೊಡುವ, ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆಯಿಂದ ಹೆರಾಯಿನ್ ಬಿಟ್ಟು ಮನೆಗೆ ಮರಳಿದವರನ್ನು ನಾನೇ ನೋಡಿದ್ದೇನೆ.

ಔಷಧಿ ಅಂಗಡಿಯವರು, ಮಂಗಳೂರು:
ಪೊಲೀಸರ ತೊಂದರೆ ಆಗುವುದಿಲ್ಲವೇ ಮೇಡಂ? ಬಳಸಿದ ಸೂಜಿಯನ್ನು ಎಲ್ಲಿ ಹಾಕಲು ಹೇಳಲಿ?

ಆಪ್ತಸಮಾಲೋಚಕಿ:
ಎಚ್‌ಐವಿ ತಡೆಗಾಗಿ ಕೇಂದ್ರದ ಮಾರ್ಗಸೂಚಿಯಂತೆ ಶುದ್ಧ ಸೂಜಿ ಹಂಚುವುದು ಅಪರಾಧವಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯ 22ನೇ ಕಲಮು ಹೇಳುತ್ತದೆ. ನಿಮ್ಮ ಅಂಗಡಿಯ ಮಾರಾಟದ ಬಗ್ಗೆ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದವರನ್ನು ವಿಚಾರಿಸಿ. ಬಳಸಿದ ಸೂಜಿಗೆ ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಕೊಡಿ, ತುಂಬಿದಾಗ ಆಸ್ಪತ್ರೆಗೆ ತಲುಪಿಸಬಹುದು. ಡಬ್ಬಿಯ ಮೇಲೆ 1097 ಎಂದು ಬರೆದಿಡಿ. ಅದು ಏಡ್ಸ್ ಸಹಾಯವಾಣಿ, ಕರೆಗೆ ಹಣ ಬೇಕಿಲ್ಲ. ಮುಂದಿನ ಸಲ ಬಂದಾಗ ‘ಊಟ ಆಯಿತಾ?’ ಎಂದು ಕೇಳಿ. ಎಚ್‌ಐವಿ ಪರೀಕ್ಷೆಯ ಮಾತು ಆಮೇಲೆ ತೆಗೆಯಿರಿ.