ಡರ್ಟ್ ಟ್ರ್ಯಾಕ್ ಗಾಡಿ ಮತ್ತೆ ರೋಡಿಗೆ: ಮೇಸ್ತ್ರಿಗೆ ಕೇಳಿ

ಅಡ್ಮಿನ್: ಹಾಸನದ ನಮ್ಮ ಬೈಕ್ ಮೇಸ್ತ್ರಿ ಇವತ್ತು ಸಂಜೆ ಗುಂಪಲ್ಲಿ ಇರ್ತಾರೆ. ಡರ್ಟ್ ಟ್ರ್ಯಾಕಿಗೆ ಅಂತ ಬಿಚ್ಚಿ ಕಟ್ಟಿದ ಹಳೇ ಟೂ ಸ್ಟ್ರೋಕ್ ಗಾಡಿನ ಮತ್ತೆ ರೋಡಿಗೆ ತರೋ ಬಗ್ಗೆ ಕೇಳಿ. ಯಮಹಾ ಆರ್‌ಎಕ್ಸ್, ಶೋಗನ್, ಯೆಜ್ಡಿ ಯಾವ ಬೈಕಾದ್ರೂ ಆಗ್ಲಿ. ಕೊಳ್ಳೋದು, ಮಾರೋದು ಇಲ್ಲಿ ಬೇಡ.

ಬೇಲೂರು ರೈಡರ್: ನಮಸ್ಕಾರ ಮೇಸ್ತ್ರಿ. ಚಿಕ್ಕಮಗಳೂರು ಕಡೆ ಟ್ರ್ಯಾಕಲ್ಲಿ ಓಡಿದ ಆರ್‌ಎಕ್ಸ್ 100 ತಗೊಂಡಿದ್ದೀನಿ. ಹೆಡ್‌ಲೈಟ್ ಇಲ್ಲ, ವೈರಿಂಗೇ ಇಲ್ಲ. ಬ್ಯಾಟರಿ ಇಟ್ಟು ಎಲ್‌ಇಡಿ ಹಾಕಿದ್ರೆ ಸಾಕಾ?

ಮೇಸ್ತ್ರಿ: ನಮಸ್ಕಾರ. ಸಾಲಲ್ಲ. ಮ್ಯಾಗ್ನೆಟ್ ಕವರ್ ಬಿಚ್ಚಿ ಲೈಟಿಗೆ ಕರೆಂಟ್ ಕೊಡೋ ಲೈಟ್ ಕಾಯಿಲ್ ಇದೆಯಾ ನೋಡಿ. ಟ್ರ್ಯಾಕ್ ಗಾಡೀಲಿ ಸುಮಾರು ಸಲ ಅದನ್ನ ಕಿತ್ತಿರ್ತಾರೆ. ಚಾರ್ಜಿಂಗ್ ಇಲ್ಲದ ಬ್ಯಾಟರಿ ನಂಬ್ಕೊಂಡ್ರೆ ರಾತ್ರಿ ಅರ್ಧ ದಾರೀಲಿ ಕತ್ತಲು. ಕಾಯಿಲ್ ಪ್ಲೇಟ್, ರೆಗ್ಯುಲೇಟರ್, ಹೊಸ ವೈರಿಂಗ್ ಸೆಟ್ ಹಾಕ್ಸಿ. ಬ್ರೇಕ್ ಲೈಟ್ ಸ್ವಿಚ್, ಹಾರ್ನ್, ಕನ್ನಡಿ, ಮಡ್‌ಗಾರ್ಡ್, ಹಿಂದೆ ಕೂರೋರಿಗೆ ಫುಟ್‌ರೆಸ್ಟ್, ಸೀರೆ ಗಾರ್ಡ್ ಎಲ್ಲಾ ಬೇಕು. ಬಟನ್ ಟೈರ್ ಬಿಚ್ಚಿಸಿ. ಮಳೆ ಬಿದ್ದ ಟಾರಲ್ಲಿ ಆ ಬಟನ್‌ಗಳ ತುದಿ ಮಾತ್ರ ನೆಲ ಮುಟ್ಟುತ್ತೆ, ಬ್ರೇಕ್ ಹಿಡಿದ ತಕ್ಷಣ ಜಾರುತ್ತೆ.

ಆಲೂರು 100: ಲೀಟರ್ ಪೆಟ್ರೋಲಿಗೆ 2ಟಿ (ಟೂ ಸ್ಟ್ರೋಕ್) ಆಯಿಲ್ ಎಷ್ಟು ಸಾರ್?

ಮೇಸ್ತ್ರಿ: ಆಯಿಲ್ ಪಂಪ್ ಕೆಲಸ ಮಾಡ್ತಿದ್ರೆ ಟ್ಯಾಂಕಿಗೆ ಹಾಕೋದೇ ಬೇಡ. ಪಂಪ್ ಕಿತ್ತಿದ್ರೆ ಲೀಟರಿಗೆ 30 ಎಂಎಲ್.

ಮೂಡಿಗೆರೆ: ಮೇಸ್ತ್ರಿ, ನಂದು ಆರ್‌ಎಕ್ಸ್ 135. ರೇಸ್ ಸೈಲೆನ್ಸರ್ ಅಂದ್ರೆ ಎಕ್ಸ್‌ಪ್ಯಾನ್ಷನ್ ಚೇಂಬರ್, ದೊಡ್ಡ ಕಾರ್ಬ್ಯುರೇಟರ್, ಕಂಪ್ರೆಷನ್ ಜಾಸ್ತಿ ಮಾಡೋಕೆ ಹೆಡ್ ಕಟಿಂಗ್ ಎಲ್ಲಾ ಆಗಿದೆ. ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಮಿಕ್ಸ್ ಮಾಡ್ತೀನಿ. ಹೋದ ವಾರ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳೀತಿದ್ದೆ. ಥರ್ಡ್ ಗೇರು, ಆಕ್ಸಿಲೇಟರ್ ಪೂರ್ತಿ ಬಿಟ್ಟಿದ್ದೆ. ಅರ್ಧ ಘಾಟಿಯಲ್ಲಿ ಹಿಂದಿನ ಚಕ್ರ ಒಂದು ಕ್ಷಣ ಹಿಡ್ಕೊಂಡು ಬಿಡ್ತು. ಕ್ಲಚ್ ಒತ್ತಿ ಹೆಂಗೋ ನಿಲ್ಲಿಸ್ದೆ. ಆರಿದ ಮೇಲೆ ಕಿಕ್ ಹೊಡೆದ್ರೆ ಸ್ಟಾರ್ಟ್ ಆಯ್ತು. ಈಗ ಆಕ್ಸಿಲೇಟರ್ ಬಿಟ್ರೂ ರೇಸ್ ತಕ್ಷಣ ಇಳಿಯಲ್ಲ. ಮುಂದಿನ ವಾರ ಮನೆಯವರನ್ನ ಕೂರಿಸ್ಕೊಂಡು ಧರ್ಮಸ್ಥಳಕ್ಕೆ ಹೋಗ್ಬೇಕು. ತೊಂದರೆ ಇಲ್ವಾ?

ಮೇಸ್ತ್ರಿ: ತೊಂದರೆ ಇದೆ. ಆ ಗಾಡಿ ಈಗ್ಲೇ ನಿಲ್ಲಿಸಿ. ದಯವಿಟ್ಟು ಹೆಂಡ್ತೀನ ಕೂರಿಸ್ಕೊಂಡು ಅದ್ರಲ್ಲಿ ಘಾಟಿ ಇಳೀಬೇಡಿ. ಎಲ್ಲರೂ ಇದನ್ನ ಓದಿ, ಅದಕ್ಕೇ ಉದ್ದ ಬರೀತೀನಿ.

ಪೆಟ್ರೋಲಿಗೆ ಆಯಿಲ್ ಮಿಕ್ಸ್ ಮಾಡಿದ ಗಾಡೀಲಿ ಪಿಸ್ಟನ್ನಿಗೆ ಆಯಿಲ್ ಬರೋದು ಪೆಟ್ರೋಲ್ ಜೊತೆಗೇ. ಆಕ್ಸಿಲೇಟರ್ ಮುಚ್ಚಿದ್ರೆ ಪೆಟ್ರೋಲ್ ನಿಂತ ಹಾಗೆ, ಆಯಿಲ್ಲೂ ನಿಂತ ಹಾಗೆ. ಇಳಿಜಾರಲ್ಲಿ ಚಕ್ರ ಮಾತ್ರ ಇಂಜಿನ್‌ನ ಜೋರಾಗಿ ತಿರುಗಿಸ್ತಾನೇ ಇರುತ್ತೆ. ಟ್ರ್ಯಾಕಲ್ಲಿ ಇದು ಗೊತ್ತಾಗಲ್ಲ. ಅಲ್ಲಿ ಕೆಲವೇ ನಿಮಿಷದ ಓಟ, ಬಹುಪಾಲು ಆಕ್ಸಿಲೇಟರ್ ಪೂರ್ತಿ ತೆರೆದೇ ಇರುತ್ತೆ. ಕಿಲೋಮೀಟರ್‌ಗಟ್ಟಲೆ ಮುಚ್ಚಿಕೊಂಡು ಇಳಿಯೋ ಚಾರ್ಮಾಡಿ, ಆಗುಂಬೆಯಂಥ ಕಡೆ ಅದೇ ಇಂಜಿನ್ ಒಣಗಿ, ಪಿಸ್ಟನ್ ಬ್ಲಾಕ್ ಒಳಗೇ ಹಿಡ್ಕೊಳ್ಳುತ್ತೆ. ಸೀಜ್ ಅನ್ನೋದು ಇದಕ್ಕೇ. ಕಂಪನಿ ಪಂಪ್ ಇಂಜಿನ್ ತಿರುಗಿದಷ್ಟೂ ಸ್ವಲ್ಪ ಆಯಿಲ್ ತಳ್ತಾನೇ ಇರುತ್ತೆ, ಆಕ್ಸಿಲೇಟರ್ ಮುಚ್ಚಿದ್ರೂ. ಅದಕ್ಕೇ ರೋಡಿಗೆ ಬರೋ ಆರ್‌ಎಕ್ಸಿಗೆ ಪಂಪ್ ವಾಪಸ್ ಹಾಕಿಸಿ ಅಂತ ಹೊಡ್ಕೊಳ್ಳೋದು. ಪಂಪ್ ಇಲ್ಲದ ಗಾಡೀಲಿ ಇಳೀಲೇಬೇಕಾದ್ರೆ ಆಗಾಗ ಕ್ಲಚ್ ಹಿಡಿದು ಆಕ್ಸಿಲೇಟರ್ ಒಂದೊಂದು ಸಲ ಕೊಡ್ತಾ ಇಳೀಬೇಕು. ನ್ಯೂಟ್ರಲ್ ಮಾಡಿ ಇಳೀಬೇಡಿ, ಡ್ರಮ್ ಬ್ರೇಕ್ ಕಾಯ್ದು ಹಿಡಿಯಲ್ಲ.

ನಿಮ್ಮ ಗಾಡೀಲಿ ಇನ್ನೊಂದು ರೋಗ ಇದೆ. ರೇಸ್ ಇಳಿಯದೇ ನಿಲ್ಲೋದು ಎಲ್ಲಿಂದಲೋ ಗಾಳಿ ಎಳೀತಿರೋ ಲಕ್ಷಣ. ಇಂಜಿನ್ ಸ್ಲೋನಲ್ಲಿ ಇಟ್ಟು ಕಾರ್ಬ್ಯುರೇಟರ್ ರಬ್ಬರ್ ಜಾಯಿಂಟ್ ಸುತ್ತ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೀರಿ, ಬಿಸಿ ಸೈಲೆನ್ಸರ್ ಕಡೆ ಬೇಡ. ರೇಸ್ ಬದಲಾದ್ರೆ ಲೀಕ್ ಅಲ್ಲೇ. ಬದಲಾಗ್ಲಿಲ್ಲ ಅಂದ್ರೆ ಮ್ಯಾಗ್ನೆಟ್ ಕಡೆ ಕ್ರ್ಯಾಂಕ್ ಸೀಲ್ ನೋಡಬೇಕು. ಕವರ್ ಬಿಚ್ಚಿದಾಗ ಒಳಗೆ ಎಣ್ಣೆ ಕೂತ ಕಪ್ಪು ಮಣ್ಣು ಕಂಡ್ರೆ ಸೀಲ್ ಹೋಗಿದೆ. ಕ್ಲಚ್ ಕಡೆ ಸೀಲ್ ಹೋದ್ರೆ ಲಕ್ಷಣ ಬೇರೆ: ಗೇರ್ ಆಯಿಲ್ ಕಮ್ಮಿ ಆಗ್ತಾ ಹೋಗುತ್ತೆ, ಹೊಗೆ ದಟ್ಟ.

ಬ್ಲಾಕ್ ಎತ್ತಿ ಪಿಸ್ಟನ್ ಫೋಟೋ ಹಾಕಿ. ಸೈಲೆನ್ಸರ್ ಕಡೆ ಮಾತ್ರ ಗೀರಿದ್ರೆ ಗಾಳಿ ಜಾಸ್ತಿಯಾಗಿ ಕಾಯ್ದಿದೆ. ಸುತ್ತಲೂ ಉಜ್ಜಿದ್ರೆ ಆಯಿಲ್ ಇರಲಿಲ್ಲ. ನಾಲ್ಕು ಮೂಲೇಲಿ ಗೀರಿದ್ರೆ ಇಂಜಿನ್ ಕಾಯೋ ಮೊದಲೇ ರೇಸ್ ಕೊಟ್ಟಿದ್ದಾರೆ. ಫೋಟೋ ನೋಡದೆ ಬ್ಲಾಕ್ ಕೊರೆಸಿ ಬೋರ್ ಮಾಡ್ಸಬೇಡಿ.

ಸಕಲೇಶಪುರ 135: ಮೇಸ್ತ್ರಿ ಇದು ನಿಜಾನಾ? ಬೇರೆ ಗ್ರೂಪಲ್ಲಿ ಬಂದಿದ್ದು: "ಟೂ ಸ್ಟ್ರೋಕ್ ಸೀಜ್ ಆಗಬಾರದು ಅಂದ್ರೆ 2ಟಿ ಡಬಲ್ ಹಾಕಿ, ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿ, ಪಿಸ್ಟನ್ ಮೇಲಿನ ಕಾರ್ಬನ್‌ಗೆ ಕಾಸ್ಟಿಕ್ ಸೋಡಾದಲ್ಲಿ ರಾತ್ರಿ ನೆನೆಸಿ."

ಮೇಸ್ತ್ರಿ: ಮೂರೂ ಸುಳ್ಳು. ಆಯಿಲ್ ಡಬಲ್ ಮಾಡಿದ್ರೆ, ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತು ಅಂದ್ರೆ ಅದೇ ಜೆಟ್ಟಲ್ಲಿ ಪೆಟ್ರೋಲ್ ಪಾಲು ಕಮ್ಮಿ ಆಗುತ್ತೆ, ಇಂಜಿನ್ ಇನ್ನೂ ಕಾಯುತ್ತೆ. ನುಸಿಗುಳಿಗೆಯಿಂದ ಪಿಕಪ್ ಬರಲ್ಲ, ಜೆಟ್ ಕಟ್ಟಬಹುದು. ಪಿಸ್ಟನ್, ಹೆಡ್ ಎರಡೂ ಅಲ್ಯೂಮಿನಿಯಂ. ಕಾಸ್ಟಿಕ್ ಅದನ್ನ ತಿಂದು ಹಾಕುತ್ತೆ, ಬರೋ ಗ್ಯಾಸಿಗೆ ಬೆಂಕಿ ಹತ್ತುತ್ತೆ, ಕಣ್ಣಿಗೆ ಹಾರಿದ್ರೆ ಕಣ್ಣು ಹೋಗುತ್ತೆ. ಇಂಥದ್ದನ್ನ ಫಾರ್ವರ್ಡ್ ಮಾಡೋ ಮುಂಚೆ ಯೋಚನೆ ಮಾಡ್ರಪ್ಪ, ಚಿಕ್ಕ ಹುಡುಗರು ಓದ್ತಾರೆ.

ಸಕಲೇಶಪುರ 135: ನಾನು ಕೇಳಿದ್ದಷ್ಟೇ.

ಅರಸೀಕೆರೆ: ಮಿಕ್ಸ್ ಲೀಟರಿಗೆ ಎಷ್ಟು ಅಣ್ಣ?

ಮೇಸ್ತ್ರಿ: ಮೇಲೆ ಬರೆದಿದ್ದೀನಿ.

ಮೈಸೂರು ಯೆಜ್ಡಿ: ಮೇಸ್ತ್ರಿ, ಪಂಪ್ ಇಲ್ಲದೆ ನಮ್ಮ ಯೆಜ್ಡಿ ಊಟಿ ಘಾಟಿ ಇಳಿದಿಲ್ವಾ? ಮೈಸೂರಲ್ಲಿ 1961ರಿಂದ 1996ರ ತನಕ ಹೆಚ್ಚಾಗಿ ಮಿಕ್ಸ್ ಗಾಡಿಗಳನ್ನೇ ಮಾಡಿದ್ರು.

ಮೇಸ್ತ್ರಿ: ಇಳಿದಿವೆ. ಕಂಪನಿ ಸೆಟ್ಟಿಂಗ್‌ನಲ್ಲಿ ಅದು ನಿಧಾನವಾಗಿ ತಿರುಗೋ ಇಂಜಿನ್. ಹೆಡ್ ಕಟ್ ಮಾಡಿ, ಚಿಕ್ಕ ಮುಂದಿನ ಸ್ಪ್ರಾಕೆಟ್ ಹಾಕಿದ ಟ್ರ್ಯಾಕ್ ಇಂಜಿನ್ ಅಲ್ಲ.

ಸಕಲೇಶಪುರ 135: 250 ಸಿಸಿ ಇಟ್ಕೊಂಡು ಏನು ಪ್ರಯೋಜನ? ಆರ್‌ಎಕ್ಸ್ 100ರಲ್ಲಿ 98 ಸಿಸಿಗೇ 11 ಕುದುರೆ ಇತ್ತು. ಆ ಸೌಂಡ್ ಯೆಜ್ಡಿಯಲ್ಲಿ ಬರಲ್ಲ.

ಮೈಸೂರು ಯೆಜ್ಡಿ: ನಿಮ್ಮ ಚೇಂಬರ್ ಸೌಂಡಿಗೆ ಓಣೀಲಿ ಮಕ್ಕಳು ಎದ್ದು ಅಳ್ತವೆ. ರೋಡಿಗೆ ಬಂದ ಮೇಲೆ ಸೈಲೆನ್ಸರ್ ಬೇಡ್ವಾ?

ಸಕಲೇಶಪುರ 135: ಆರ್‌ಎಕ್ಸ್ ಅಂದ್ರೆ ಸೌಂಡೇ. ಬೇಡ ಅಂದ್ರೆ ಸ್ಕೂಟಿ ತಗೊಳ್ಳಿ. ಪೊಲೀಸ್ ಹಿಡಿದ್ರೆ ನೋಡ್ಕೊಳ್ಳೋಣ.

ಮೈಸೂರು ಯೆಜ್ಡಿ: ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದಿ. ಆರ್‌ಸಿಯಲ್ಲಿ ಇರೋದಕ್ಕೂ ಕಂಪನಿ ಕೊಟ್ಟಿದ್ದಕ್ಕೂ ಹೊಂದದ ಹಾಗೆ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ.

ಸಕಲೇಶಪುರ 135: ಕೋರ್ಟಿಗೆ ಕರ್ಕೊಂಡು ಹೋಗ್ತೀರಾ ನನ್ನ? ಲಾಯರ್ ಆಗಿದ್ರೆ ಬೇರೆ ಗ್ರೂಪಿಗೆ ಹೋಗಿ.

ಅಡ್ಮಿನ್: ಇಬ್ಬರೂ ಮರ್ಯಾದೆಯಿಂದ ಮಾತಾಡಿ.

ಬೇಲೂರು ರೈಡರ್: ಮೇಸ್ತ್ರಿ, ನನ್ನ ಗಾಡಿ ಆರ್‌ಸಿ ಮುಗಿದಿದೆ. ಇಂಜಿನ್ ನಂಬರೂ ಆರ್‌ಸಿ ನಂಬರೂ ಬೇರೆ ಬೇರೆ. ಏನು ಮಾಡ್ಲಿ?

ಮೇಸ್ತ್ರಿ: ಇದನ್ನ ವೈರಿಂಗ್‌ಗಿಂತ ಮೊದಲು ಕೇಳಬೇಕಿತ್ತು. ಇಂಜಿನ್ ನಂಬರ್ ಇರೋದು ಕ್ರ್ಯಾಂಕ್‌ಕೇಸ್ ಮೇಲೆ. ಟ್ರ್ಯಾಕ್ ಗಾಡಿಗೆ ಸಿಕ್ಕ ಕ್ರ್ಯಾಂಕ್‌ಕೇಸ್ ಹಾಕಿರ್ತಾರೆ, ಅದು ಕದ್ದ ಗಾಡೀದೂ ಆಗಿರಬಹುದು. ಮಾರಿದವರ ಹತ್ರ ಇಂಜಿನ್ ಬಿಲ್ ಕೇಳಿ. ಇದ್ರೆ ಆರ್‌ಟಿಒನಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಿ, ಆಮೇಲೆ ರಿನೀವಲ್. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಮಾಡಿಸ್ಬೇಕು. ಹೊಗೆ ತಪಾಸಣೇಲಿ 2000ದ ಮಾರ್ಚ್ ಒಳಗಿನ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ 4.5 ಪರ್ಸೆಂಟ್, ಎಚ್‌ಸಿ ಅಂದ್ರೆ ಹೈಡ್ರೋಕಾರ್ಬನ್ 9000 ಪಿಪಿಎಂ ಮೀರಬಾರದು. ನಂಬರ್ ಒತ್ತಿಸಿ ಕೊಡ್ತೀವಿ ಅನ್ನೋರ ಹತ್ರ ಹೋಗಬೇಡಿ, ಜೈಲು ಕೇಸ್ ಅದು. ಬಿಲ್ ಇಲ್ಲ ಅಂದ್ರೆ ಗಾಡಿ ವಾಪಸ್ ಕೊಡಿ.

ಸಕಲೇಶಪುರ 135: ನಮ್ಮೂರಲ್ಲಿ ಯಾರೂ ನಂಬರ್ ನೋಡಲ್ಲ.

ಮೇಸ್ತ್ರಿ: ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನವರು ನೋಡ್ತಾರೆ.

ಶೋಗನ್ 110: ಶೋಗನ್‌ಗೆ ಲೈಟ್ ಕಾಯಿಲ್ ಎಲ್ಲಿ ಸಿಗುತ್ತೆ?

ಹೊಳೆನರಸೀಪುರ: ಸ್ಪಾರ್ಕ್ ಪ್ಲಗ್ 7ನೇ ನಂಬರ್ ಹಾಕ್ಲಾ 8 ಹಾಕ್ಲಾ? ಯಾವುದು ತಣ್ಣಗಿರುತ್ತೆ?

ಮೇಸ್ತ್ರಿ: ಎನ್‌ಜಿಕೆಯಲ್ಲಿ ನಂಬರ್ ಜಾಸ್ತಿ ಆದಷ್ಟು ತಣ್ಣಗಿನ ಪ್ಲಗ್. ಬಾಷ್‌ನಲ್ಲಿ ಉಲ್ಟಾ.

ಅರಕಲಗೂಡು: 2ಟಿ ಎಷ್ಟು ಹಾಕಬೇಕು ಗುರುಗಳೇ?

ಮೇಸ್ತ್ರಿ: 30.

ಶೋಗನ್ 110: ಮೇಸ್ತ್ರಿ, ನನ್ನ ಪ್ರಶ್ನೆ?

ಮೂಡಿಗೆರೆ: ಮೇಸ್ತ್ರಿ, ಬ್ಲಾಕ್ ಎತ್ತಿಸ್ದೆ. ಫೋಟೋ ಹಾಕಿದ್ದೀನಿ. ಸೈಲೆನ್ಸರ್ ಕಡೆ ನಾಲ್ಕೈದು ಗೀರು, ಕೆಳಗಿನ ರಿಂಗ್ ಅಂಟ್ಕೊಂಡಿದೆ. ಮ್ಯಾಗ್ನೆಟ್ ಒಳಗೆ ನೀವು ಹೇಳಿದ ಕಪ್ಪು ಮಣ್ಣು ಇದೆ. ಇಲ್ಲಿನ ಗ್ಯಾರೇಜಿನವರು ಮರಳು ಕಾಗದದಲ್ಲಿ ಉಜ್ಜಿ ಹಾಕಿದ್ರೆ ಸಾಕು ಅಂತಾರೆ.

ಮೇಸ್ತ್ರಿ: ಸಾಕಾಗಲ್ಲ. ಬ್ಲಾಕ್ ಒಳಗಿನ ಲೈನರ್‌ಗೆ ಅಂಟಿದ ಅಲ್ಯೂಮಿನಿಯಂ ಹಾಗೇ ಉಳಿಯುತ್ತೆ, ಮುಂದಿನ ಸಲ ಕ್ಲಚ್ ಹಿಡಿಯೋಕೂ ಟೈಮ್ ಸಿಗಲ್ಲ. ಮೊದಲು ಎರಡೂ ಕ್ರ್ಯಾಂಕ್ ಸೀಲ್ ಬದಲಾಯಿಸಿ. ಲೀಕ್ ಇಟ್ಕೊಂಡು ಹೊಸ ಪಿಸ್ಟನ್ ಹಾಕಿದ್ರೆ ಅದೂ ಹಿಡಿಯುತ್ತೆ. ಆಮೇಲೆ ಬೋರ್ ಅಳೆಸಿ, 0.25 ಎಂಎಂ ಓವರ್‌ಸೈಜ್ ಪಿಸ್ಟನ್ನಿಗೆ ಕೊರೆದ್ರೆ ಕ್ಲೀನ್ ಆಗುತ್ತಾ ನೋಡಿ, ಇಲ್ಲಾಂದ್ರೆ 0.50. ಕಂಪನಿ ಹೆಡ್, ಕಂಪನಿ ಸೈಲೆನ್ಸರ್, ಆಯಿಲ್ ಪಂಪ್ ವಾಪಸ್ ಹಾಕ್ಸಿ. ಕಾರ್ಬ್ಯುರೇಟರ್ ದೊಡ್ಡದೇ ಇರ್ಲಿ ಅಂದ್ರೆ ಮೇನ್ ಜೆಟ್ ಒಂದನ್ನೇ ನೋಡಬೇಡಿ. ರೋಡಲ್ಲಿ ಗಾಡಿ ಓಡೋದು ಕಾಲು, ಅರ್ಧ ಆಕ್ಸಿಲೇಟರಲ್ಲಿ, ಅಲ್ಲಿ ಕೆಲಸ ಮಾಡೋದು ಸೂಜಿ. ಕ್ಲಿಪ್ ಒಂದು ಮನೆ ಕೆಳಗಿಡಿ, ಸೂಜಿ ಮೇಲೆ ಬಂದು ಪೆಟ್ರೋಲ್ ಜಾಸ್ತಿ ಸಿಗುತ್ತೆ. ಈಗ ಬಂಕಲ್ಲಿ ಬರೋ ಇ20 ಅಂದ್ರೆ ಎಥನಾಲ್ ಬೆರೆಸಿದ ಪೆಟ್ರೋಲಿಗೂ ಅದು ಬೇಕು. ಹಳೇ ಪೆಟ್ರೋಲ್ ಪೈಪ್ ಕೂಡ ಬದಲಾಯಿಸಿ.

ಮೂಡಿಗೆರೆ: ಧರ್ಮಸ್ಥಳ?

ಮೇಸ್ತ್ರಿ: ಬಸ್ಸಲ್ಲಿ ಹೋಗಿ ಬನ್ನಿ. ಸೀಲ್ ಹಾಕಿಸಿದ ಮೇಲೆ ಬ್ಲಾಕ್ ಕೂರಿಸೋ ಮುಂಚೆ ನನಗೆ ಫೋನ್ ಮಾಡಿ.