ಸಾಕಾನೆಗೂ ಕಾಡಾನೆಗೂ ಕರುಳಿನ ಬ್ಯಾಕ್ಟೀರಿಯಾ ಬೇರೆಯೇ?

ಪ್ರಶ್ನೆ: ಡಾಕ್ಟ್ರೇ, ಸಾಕಿದ ಆನೆಯ ಹೊಟ್ಟೆಯ ಬ್ಯಾಕ್ಟೀರಿಯಾಗಳೇ ಬೇರೆ, ಕಾಡಾನೆಯವೇ ಬೇರೆ ಅಂತ ಓದಿದೆ. ಪ್ರಾಣಿ ಒಂದೇ ತಾನೆ? ಕಟ್ಟಿಹಾಕಿದ ಮಾತ್ರಕ್ಕೆ ಕರುಳು ಬದಲಾಗುತ್ತಾ?

ಪಶುವೈದ್ಯರು: ಸರಪಳಿಗಿಂತ ಮೇವಿನ ಕೈವಾಡವೇ ಹೆಚ್ಚು ಸರ್. ಆನೆ ದನದ ಹಾಗೆ ಮೆಲುಕು ಹಾಕುವುದಿಲ್ಲ. ನಾರು ಹುಳಿಯುವುದು ಕರುಳಿನ ಹಿಂಭಾಗದಲ್ಲಿ, ಸೀಕಮ್ (ದೊಡ್ಡ ಕರುಳು ಶುರುವಾಗುವಲ್ಲಿನ ಚೀಲ) ಮತ್ತು ದೊಡ್ಡ ಕರುಳಿನಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಅಸಿಟೇಟ್, ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡಿಕೊಡುತ್ತವೆ. ಆನೆಗೆ ಶಕ್ತಿ ಬಹುಪಾಲು ಅದರಿಂದಲೇ. ಅಷ್ಟಾದರೂ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೆ ಲದ್ದಿಯಾಗಿ ಬೀಳುತ್ತದೆ.

ಕಾಡಿನಲ್ಲಿ ಹುಲ್ಲು, ಬಿದಿರು, ತೊಗಟೆ, ಬಳ್ಳಿ, ಬೇರು ಎಲ್ಲ ಸಿಗುತ್ತದೆ, ಋತುವಿಗೊಂದು ಮೇವು. ಒಂದೊಂದು ಗಿಡದ ನಾರು, ಒಗರು ಒಂದೊಂದು ಬಗೆ, ಅದನ್ನು ಒಡೆಯುವ ಬ್ಯಾಕ್ಟೀರಿಯಾವೂ ಬೇರೆ. ಕಟ್ಟಿಯೇ ಸಾಕುವ ಆನೆಗೆ ಹೆಚ್ಚಾಗಿ ವರ್ಷವಿಡೀ ಅದೇ ಒಣಹುಲ್ಲು, ಮೇಲೊಂದಿಷ್ಟು ಕಾಳು, ಹಣ್ಣು. ಪಿಷ್ಟ, ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾ ಕೊಬ್ಬುತ್ತವೆ, ಗಟ್ಟಿ ನಾರು ನೆಚ್ಚಿದವು ಸೊರಗುತ್ತವೆ. ಆ್ಯಂಟಿಬಯೋಟಿಕ್ ಕೊಟ್ಟರಂತೂ ಒಳ್ಳೆಯವೂ ಸಾಯುತ್ತವೆ.

ಪ್ರಶ್ನೆ: ಮರಿಯಾನೆ ತಾಯಿಯ ಲದ್ದಿ ತಿನ್ನೋದು ಇದಕ್ಕೇನಾ ಮೇಡಂ?

ಪಶುವೈದ್ಯರು: ಹೌದು. ನೋಡಿದವರು ಮೂಗು ಮುಚ್ಚಿಕೊಳ್ಳುತ್ತಾರೆ, ಆದರೆ ಮೇವು ಅರಗಿಸುವ ಬ್ಯಾಕ್ಟೀರಿಯಾ ಮರಿಗೆ ಸಿಗುವ ಒಂದು ಮುಖ್ಯ ದಾರಿ ಅದು. ಗುಂಪಿನಿಂದ ದೂರವಾಗಿ ಬಾಟಲಿ ಹಾಲಿನಲ್ಲಿ ಬೆಳೆಯುವ ತಬ್ಬಲಿ ಮರಿಗೆ ಅದು ತಪ್ಪುತ್ತದೆ. ನನ್ನ ಕೇಳಿದರೆ, ತಾಯಿಯಿಂದ ಬೇಗ ಬೇರೆ ಮಾಡುವುದರ ಬಗ್ಗೆ ಮಾತಾಡುವವರು ಇದನ್ನು ಮರೆತೇಬಿಡುತ್ತಾರೆ.

ಪ್ರಶ್ನೆ: ಅಂದ್ರೆ ಸಾಕಾನೆಯಲ್ಲಿ ಬ್ಯಾಕ್ಟೀರಿಯಾ ಬಗೆಗಳು ಯಾವಾಗ್ಲೂ ಕಡಿಮೆ ಅಂತಾಯ್ತು?

ಪಶುವೈದ್ಯರು: ಹಾಗೆ ಸಾರಾಸಗಟಾಗಿ ಹೇಳಬೇಡಿ. ಹಗಲು ಕೆಲಸ ಮಾಡಿ ರಾತ್ರಿ ಕಾಡಿನಲ್ಲಿ ಮೇಯುವ ಆನೆಯೂ ಸಾಕಾನೆಯೇ, ಮೃಗಾಲಯದ ಆವರಣ ಬಿಟ್ಟು ಕದಲದ್ದೂ ಸಾಕಾನೆಯೇ. ಇಬ್ಬರನ್ನೂ ಒಂದೇ ಸಾಲಿಗೆ ಹಾಕಿದರೆ ಹೇಗೆ? ಎಷ್ಟು ಬಗೆ ಎನ್ನುವುದಕ್ಕಿಂತ ಯಾವ ಬಗೆ ಎನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಪ್ರಶ್ನೆ: ಪ್ರೊಬಯೋಟಿಕ್ ಪುಡಿ, ಅಂದ್ರೆ ಒಳ್ಳೆ ಬ್ಯಾಕ್ಟೀರಿಯಾ ಇರೋ ಪುಡಿ ಕೊಟ್ರೆ ಸರಿಹೋಗುತ್ತಾ?

ಪಶುವೈದ್ಯರು: ಮೇವು ಹಾಗೇ ಇಟ್ಟು ಪುಡಿ ಹಾಕಿದರೆ ದುಡ್ಡು ದಂಡ. ಕಾಳು, ಸಿಹಿಹಣ್ಣು ಇಳಿಸಿ. ಸೊಪ್ಪು, ಕೊಂಬೆ, ತೊಗಟೆ ಹೆಚ್ಚಿಸಿ. ಒಂದೇ ದಿನಕ್ಕಲ್ಲ, ವಾರಗಟ್ಟಲೆ ತೆಗೆದುಕೊಂಡು. ಗಡಿಬಿಡಿಯಲ್ಲಿ ಮೇವು ಬದಲಿಸಿದರೆ ಹೊಟ್ಟೆನೋವು ಬಂದು ಮಲಗೀತು. ಪರೀಕ್ಷೆಗೆ ಲದ್ದಿ ಕಳಿಸುವುದಾದರೆ ಆಗಷ್ಟೇ ಬಿದ್ದ ಉಂಡೆಯ ಒಳಗಿನಿಂದ ತೆಗೆಯಿರಿ, ಹೊರಮೈಗೆ ಮಣ್ಣಿನ ಬ್ಯಾಕ್ಟೀರಿಯಾ ಅಂಟಿರುತ್ತದೆ.